ಬೆರಳಿಗೆ ಹಾಕುವ ಆಕ್ಸಿಮೀಟರ್: ಮೂರು ಸ್ಟಾರ್, ಅದೂ ಯೋಚಿಸಿ ಕೊಟ್ಟಿದ್ದು

ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ತೋರಿಸುವ ಈ ಮೀಟರನ್ನು ಎಂಟು ತಿಂಗಳು ಬಳಸಿ ಬರೆಯುತ್ತಿದ್ದೇನೆ. ಸ್ಪ್ರಿಂಗ್ ಗಟ್ಟಿಯಾಗಿದೆ, ಅಂಕಿಗಳು ಕನ್ನಡಕ ಇಲ್ಲದೆಯೂ ಕಾಣುತ್ತವೆ, ಮೊದಲು ಹಾಕಿದ ಸೆಲ್ಲುಗಳೇ ಇನ್ನೂ ನಡೆಯುತ್ತಿವೆ. ವಿಷಯ ಇಷ್ಟೇ ಆಗಿದ್ದರೆ ಐದು ಸ್ಟಾರ್ ಕೊಟ್ಟು ಸುಮ್ಮನಾಗುತ್ತಿದ್ದೆ.

ನಾನು ಹದಿನೆಂಟು ವರ್ಷದಿಂದ ಈಜು ಕಲಿಸುವವಳು. ಯಾರ ಉಸಿರು ಎಲ್ಲಿ ತಪ್ಪುತ್ತಿದೆ ಅಂತ ಕೊಳದ ಅಂಚಲ್ಲಿ ನಿಂತೇ ಹೇಳಬಲ್ಲೆ. ನನ್ನ ಉಸಿರು ನನಗೆ ಗೊತ್ತಾಗಲ್ವಾ? ನ್ಯುಮೋನಿಯಾ ಆಗಿ ಆಸ್ಪತ್ರೆಗೆ ಹೋದಾಗ, "ಒಂದು ವಾಕ್ಯ ಪೂರ್ತಿ ಹೇಳೋಕೆ ಆಗ್ತಿಲ್ಲ" ಅಂದೆ. ಡಾಕ್ಟರ್ ನನ್ನ ಮುಖ ನೋಡಲಿಲ್ಲ, ಬೆರಳು ನೋಡಿದರು. ಇದೇ ಮೀಟರ್, 95. ಅವರ ಮೀಟರೂ 95 ಅಂತು. "ಏನಿಲ್ಲ ಮೇಡಂ, ಗಾಬರಿ ಅಷ್ಟೇ." ಒಂದು ಗಂಟೆ ಬಿಟ್ಟು ನನ್ನಣ್ಣ ಬಂದು ನಾನು ಹೇಳಿದ್ದನ್ನೇ ಹೇಳಿದ. ಅವನಿಗೆ ಈಜೇ ಬರಲ್ಲ. ತಕ್ಷಣ ಮಣಿಕಟ್ಟಿನ ಅಪಧಮನಿಯಿಂದ ರಕ್ತ ತೆಗೆದರು. (ಅದು ಎಷ್ಟು ನೋಯುತ್ತೆ ಅಂತ ಯಾರೂ ಮೊದಲೇ ಹೇಳಲ್ಲ.) ರಿಪೋರ್ಟಿನಲ್ಲಿ 86.

ಈ ಮೀಟರ್ ಬೆರಳಿನೊಳಗೆ ಕೆಂಪು ಬೆಳಕು, ಇನ್ಫ್ರಾರೆಡ್ ಬೆಳಕು ಎರಡನ್ನೂ ಹಾಯಿಸಿ, ರಕ್ತ ಯಾವುದನ್ನು ಎಷ್ಟು ಹೀರಿತು ಅಂತ ಲೆಕ್ಕ ಹಾಕುತ್ತದೆ. ಚರ್ಮಕ್ಕೆ ಕಪ್ಪು ಬಣ್ಣ ಕೊಡುವ ಮೆಲನಿನ್ ಕೂಡ ಬೆಳಕು ಹೀರುತ್ತದೆ. ನಾನು ಚೆನ್ನಾಗಿ ಕಪ್ಪಗಿದ್ದೇನೆ. 2020ರ ಡಿಸೆಂಬರಿನಲ್ಲಿ ಅಮೆರಿಕದ ವೈದ್ಯರು ಒಂದು ಅಧ್ಯಯನ ಪ್ರಕಟಿಸಿದರು. ಮೀಟರ್ 92ರಿಂದ 96 ತೋರಿಸಿದಾಗ ರಕ್ತದಲ್ಲಿ ನಿಜಕ್ಕೂ 88ಕ್ಕಿಂತ ಕಡಿಮೆ ಇದ್ದ ಅಳತೆಗಳು ಬಿಳಿಯರಲ್ಲಿ ಶೇ 3.6, ಕಪ್ಪು ಜನರಲ್ಲಿ ಶೇ 11.7. ನನ್ನ ವಿಷಯದಲ್ಲೂ ಬಣ್ಣವೇ ಕಾರಣ ಅಂತ ಆಣೆ ಮಾಡಿ ಹೇಳಲಾರೆ. ಆದರೆ ಇದರ ಜೊತೆ ಬಂದ ಪುಸ್ತಿಕೆಯಲ್ಲಿ ನೈಲ್ ಪಾಲಿಶ್ ಬಗ್ಗೆ ಇದೆ, ತಣ್ಣಗಿನ ಬೆರಳಿನ ಬಗ್ಗೆ ಇದೆ, ಚರ್ಮದ ಬಣ್ಣದ ಬಗ್ಗೆ ಒಂದು ಸಾಲೂ ಇಲ್ಲ. ಎರಡು ಸ್ಟಾರ್ ಹೋಗಿದ್ದು ಅದಕ್ಕೇ.

ಮೀಟರ್ ಮೇಲೆ ಅಷ್ಟೇನೂ ಸಿಟ್ಟಿಲ್ಲ. ಅದಕ್ಕೆ ಕಿವಿ ಇಲ್ಲ. ಕಿವಿ ಇದ್ದವರು ಅಣ್ಣ ಬರೋವರೆಗೆ ಕಾದರಲ್ಲ, ಅದಕ್ಕೆ ಹೊಟ್ಟೆ ಉರಿಯುತ್ತೆ. ಹಾಗಂತ ನಾನೇನೂ ಸಾಚಾ ಅಲ್ಲ. ದಪ್ಪಗಿದ್ದ ಹುಡುಗಿಯೊಬ್ಬಳು "ಎದೆ ಬಿಗೀತಿದೆ ಮಿಸ್" ಅಂದಾಗ ಸೋಮಾರಿತನ ಅಂದುಕೊಂಡು ಇನ್ನೆರಡು ಸುತ್ತು ಈಜಿಸಿದ್ದೆ. ಅವಳಿಗೆ ಆಸ್ತಮಾ ಇತ್ತು.

ಈಗ ಮೀಟರ್ ಜೊತೆ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಮೀಟರಿನ ಅಂಕಿ ಒಂದು ಕಡೆ. ಒಂದೇ ಉಸಿರಲ್ಲಿ ಎಷ್ಟರವರೆಗೆ ಎಣಿಸಿದೆ ಅನ್ನೋದು ಇನ್ನೊಂದು ಕಡೆ. ಇವತ್ತು 97 ಮತ್ತು 34.