ಜಿಪ್‌ಕಾರ್, ರೆಂಟ್ ದ ರನ್‌ವೇ, ಓಲಿಯೊ: ಕೈ ಬದಲಾಗುವ ಹೊತ್ತಿನಲ್ಲಿ ಯಾವುದು ಗಟ್ಟಿ?

ಹಂಚಿಕೊಂಡು ಬಳಸುವ ಸೇವೆ ಅಂದಕೂಡಲೇ ಎಲ್ಲರ ಕಣ್ಣು ಹೋಗುವುದು ಆ್ಯಪಿನ ಮೇಲೆ. ಆ್ಯಪ್ ಚೆಂದವಿರುವುದು ದೊಡ್ಡ ಮಾತಲ್ಲ, ದುಡ್ಡು ಕೊಟ್ಟರೆ ಯಾರಾದರೂ ಮಾಡಿಕೊಡುತ್ತಾರೆ. ಇಂಥ ಸೇವೆಯ ಹಣೆಬರಹ ತೀರ್ಮಾನವಾಗುವುದು ವಸ್ತು ಒಬ್ಬರ ಕೈಬಿಟ್ಟು ಇನ್ನೊಬ್ಬರ ಕೈಸೇರುವ ನಡುವಿನ ಹೊತ್ತಿನಲ್ಲಿ. ಕಾರಿನ ಸೀಟು ಒರೆಸಿದ್ದು ಯಾರು? ಉಡುಪಿನ ಕಲೆ ತೆಗೆದದ್ದು ಯಾರು? ಮೊಸರಿನ ಡಬ್ಬಿ ಫ್ರಿಜ್‌ನಿಂದ ಹೊರಗೆ ಎಷ್ಟು ಹೊತ್ತು ಇತ್ತು? ಹೆಂಗಸರು ಕಟ್ಟಿದ ಮೂರು ಸೇವೆಗಳನ್ನು, ಅಂದರೆ ಕಾರು ಹಂಚುವ ಜಿಪ್‌ಕಾರ್, ಉಡುಪು ಬಾಡಿಗೆಗೆ ಕೊಡುವ ರೆಂಟ್ ದ ರನ್‌ವೇ, ಉಳಿದ ತಿನಿಸನ್ನು ನೆರೆಹೊರೆಗೆ ಹಂಚುವ ಓಲಿಯೊ, ಇವನ್ನು ಇಲ್ಲಿ ಇದೊಂದೇ ಅಳತೆಗೋಲಿನಿಂದ ಅಳೆದಿದ್ದೇವೆ. ಅವರು ಕೈಹಾಕಿದ ಅಪಾಯವೂ ಇದೇ ಜಾಗದಲ್ಲಿತ್ತು.

ಮೊದಲು ಜಿಪ್‌ಕಾರ್. ಆಂಟ್ಯೆ ಡೇನಿಯಲ್ಸನ್ ಬರ್ಲಿನ್‌ನಲ್ಲಿ ಕಾರು ಹಂಚಿಕೆ ನಡೆಯುವುದನ್ನು ನೋಡಿ ಬಂದರು. ರಾಬಿನ್ ಚೇಸ್ ಜೊತೆ ಸೇರಿ 2000ದಲ್ಲಿ ಅಮೆರಿಕದ ಕೇಂಬ್ರಿಜ್‌ನಲ್ಲಿ ಅದನ್ನು ಶುರುಮಾಡಿದರು. ಕಾರು ಬಾಡಿಗೆಗೆ ಕೊಡುವುದು ಹಳೆಯ ವ್ಯಾಪಾರವೇ. ಆದರೆ ಕೌಂಟರಿನಲ್ಲಿ ಕೂತು ಕೀ ಕೊಡುವ ಮನುಷ್ಯನನ್ನೇ ತೆಗೆದುಹಾಕಿದ್ದು ಹೊಸತು. ಮುಂಗಾಜಿನ ಒಳಗಿರುವ ರೀಡರ್‌ಗೆ ಹೊರಗಿನಿಂದ ಕಾರ್ಡ್ ತೋರಿಸಿದರೆ ಬಾಗಿಲು ತೆರೆಯುತ್ತದೆ, ಕೀ ಕಾರಿನೊಳಗೇ ಇರುತ್ತದೆ. ಗಂಟೆ ಲೆಕ್ಕದ ಬಾಡಿಗೆ ಸಾಧ್ಯವಾದದ್ದು ಇದರಿಂದಲೇ. ಅರ್ಧ ಗಂಟೆ ಕಾಗದಪತ್ರಕ್ಕೇ ಹೋದರೆ ಒಂದು ಗಂಟೆಗೆ ಯಾರು ಕಾರು ತಗೊಳ್ಳುತ್ತಾರೆ?

ಮನುಷ್ಯ ಇಲ್ಲದ ಮೇಲೆ ಅವನ ಕೆಲಸ ಬಳಕೆದಾರನ ತಲೆಗೆ ಬಂತು. ಹತ್ತುವ ಮುನ್ನ ಕಾರನ್ನು ಒಂದು ಸುತ್ತು ನೋಡಿ. ಬಂಪರ್, ನಾಲ್ಕೂ ಚಕ್ರದ ರಿಮ್, ಒಳಗಿನ ಸೀಟಿನ ಫೋಟೊ ತೆಗೆದು, ಗೀರು ಕಂಡರೆ ಗಾಡಿ ಚಾಲೂ ಮಾಡುವ ಮೊದಲೇ ತಿಳಿಸಿ. ಹೊರಟ ಮೇಲೆ ಹೇಳಿದರೆ ಗೀರು ನಿಮ್ಮದಲ್ಲ ಅಂತ ಸಾಧಿಸುವುದು ಕಷ್ಟ. ಇಂಧನ ಬಾಡಿಗೆಯಲ್ಲೇ ಸೇರಿರುವ ಕಾರಾದರೆ ಟ್ಯಾಂಕ್ ಕಾಲುಭಾಗಕ್ಕಿಂತ ಕೆಳಗಿಳಿಸಿ ಬಿಡುವಂತಿಲ್ಲ. ಅದನ್ನು ತುಂಬಿಸಲು ಕಾರಿನಲ್ಲೇ ಕಾರ್ಡ್ ಇಟ್ಟಿರುತ್ತಾರೆ. ತಡವಾಗುವ ಲಕ್ಷಣ ಕಂಡರೆ ಅವಧಿ ಮುಗಿಯುವ ಮುಂಚೆಯೇ ಬುಕಿಂಗ್ ವಿಸ್ತರಿಸಿ. ಮುಂದಿನವರು ಆಗಲೇ ಬುಕ್ ಮಾಡಿದ್ದರೆ ಅದೂ ಆಗುವುದಿಲ್ಲ, ದಂಡ ಬೀಳುತ್ತದೆ. ಈ ಏರ್ಪಾಡಿನ ದುರ್ಬಲ ಗಂಟು ಇದೇ: ಹಿಂದಿನವನು ಇಪ್ಪತ್ತು ನಿಮಿಷ ತಡಮಾಡಿದರೆ ನಿಮ್ಮ ಕೆಲಸ ಕೆಟ್ಟಿತು, ಅವನು ಕಟ್ಟುವ ದಂಡದಿಂದ ನಿಮ್ಮ ರೈಲೇನೂ ನಿಲ್ಲುವುದಿಲ್ಲ. ಹಾಗಾಗಿ ಇನ್ನೊಬ್ಬರ ಬುಕಿಂಗ್ ಮುಗಿದ ನಿಮಿಷಕ್ಕೇ ನಿಮ್ಮದನ್ನು ಶುರು ಮಾಡಿಕೊಳ್ಳಬೇಡಿ, ಅರ್ಧ ಗಂಟೆ ಬಿಡಿ. ತಿಂಗಳಿಗೆ ನಾಲ್ಕೈದು ಸಲ ಕಾರು ಬೇಕಾಗುವವರಿಗೆ ಇದು ಸರಿಯಾದ ಸೇವೆ. ದಿನಾ ಕಚೇರಿಗೆ ಓಡಿಸುವವರಿಗೆ ಖಂಡಿತ ಅಲ್ಲ. ಅಂದಹಾಗೆ, 2013ರಲ್ಲಿ ಕಾರು ಬಾಡಿಗೆಯ ದೊಡ್ಡ ಕಂಪನಿ ಏವಿಸ್ ಬಜೆಟ್ ಸುಮಾರು 50 ಕೋಟಿ ಡಾಲರ್ ಕೊಟ್ಟು ಕಂಪನಿಯನ್ನು ಕೊಳ್ಳುವ ಹೊತ್ತಿಗೆ ಕಟ್ಟಿದ ಇಬ್ಬರೂ ಅದನ್ನು ನಡೆಸುತ್ತಿರಲಿಲ್ಲ.

ರೆಂಟ್ ದ ರನ್‌ವೇ ಹೊರಗಿನಿಂದ ಬಟ್ಟೆಯಂಗಡಿ, ಒಳಹೊಕ್ಕರೆ ದೊಡ್ಡದೊಂದು ಡ್ರೈಕ್ಲೀನಿಂಗ್ ಕಾರ್ಖಾನೆ. ಜೆನಿಫರ್ ಹೈಮನ್ ಮತ್ತು ಜೆನಿಫರ್ ಫ್ಲೈಸ್ ಹಾರ್ವರ್ಡ್‌ನಲ್ಲಿ ಓದುತ್ತಿದ್ದಾಗ ಹುಟ್ಟಿದ ಯೋಚನೆ, 2009ರಲ್ಲಿ ಶುರುವಾಯಿತು. ಅಪಾಯವನ್ನು ಅವರು ಮೂರು ಹೆಜ್ಜೆಯಲ್ಲಿ ಅಳೆದು ನೋಡಿದ ರೀತಿ ಕಲಿಯುವಂಥದ್ದು. ಮೊದಲ ಪ್ರಯೋಗದಲ್ಲಿ ಹುಡುಗಿಯರು ಉಡುಪನ್ನು ತೊಟ್ಟು ನೋಡಬಹುದಿತ್ತು, ಎರಡನೆಯದರಲ್ಲಿ ಕಣ್ಣಿಂದ ನೋಡಬಹುದಿತ್ತು ಅಷ್ಟೇ, ಮೂರನೆಯದರಲ್ಲಿ ಬರೀ ಫೋಟೊ. ಪ್ರತಿ ಸಲವೂ ಒಂದೊಂದು ಆಸರೆ ಕಿತ್ತು, ಆಮೇಲೂ ಬಾಡಿಗೆಗೆ ಕೇಳುವವರು ಉಳಿದಿದ್ದಾರಾ ಅಂತ ನೋಡಿದ್ದು.

ಇಲ್ಲಿ ಲಾಭ ನಷ್ಟ ನಿಂತಿರುವುದು ಸುತ್ತಿನ ಮೇಲೆ. ಒಂದು ಲೆಕ್ಕ ಹಾಕೋಣ: ಉಡುಪು ಗಿರಾಕಿ ಬಳಿ 4 ದಿನ, ಹೋಗಲು 2, ಬರಲು 2, ಒಗೆದು ಪರೀಕ್ಷಿಸಲು 1. ಒಟ್ಟು 9 ದಿನ, ಅಂದರೆ ವರ್ಷಕ್ಕೆ ಹೆಚ್ಚೆಂದರೆ 40 ಸುತ್ತು. ಸಾಗಣೆ ಎರಡೂ ಕಡೆ ಒಂದೊಂದು ದಿನ ತಡವಾದರೆ ಅದೇ 33ಕ್ಕೆ ಇಳಿಯುತ್ತದೆ. ಉಡುಪು ಹಳೆಯದಾಗುವುದು ಮಾತ್ರ ಎರಡು ದಿನವೂ ಕಾಯುವುದಿಲ್ಲ. ಅಳತೆ ಹೊಂದದಿದ್ದರೆ ಇರಲಿ ಅಂತ ಆರಂಭದ ವರ್ಷಗಳಲ್ಲಿ ಇನ್ನೊಂದು ಸೈಜನ್ನೂ ಪುಕ್ಕಟೆ ಕಳಿಸುತ್ತಿದ್ದರು. ಗಿರಾಕಿಗೆ ನೆಮ್ಮದಿ ನಿಜ, ಆದರೆ ಒಂದರ ಬಾಡಿಗೆಗೆ ಎರಡು ಉಡುಪು ಕಟ್ಟುಬಿದ್ದಂತೆ. 2019ರ ಸೆಪ್ಟೆಂಬರಿನಲ್ಲಿ ಗೋದಾಮಿನ ವ್ಯವಸ್ಥೆಯನ್ನು ಬದಲಾಯಿಸುವಾಗ ಸರಪಳಿ ಕಳಚಿತು. ಮದುವೆ, ಪಾರ್ಟಿಗೆಂದು ಬುಕ್ ಮಾಡಿದವರಿಗೆ ಉಡುಪು ತಲುಪಲಿಲ್ಲ, ಕೆಲವು ವಾರ ಹೊಸ ಬುಕಿಂಗನ್ನೇ ನಿಲ್ಲಿಸಬೇಕಾಯಿತು. ಕೊಂಡ ಅಂಗಿ ನಾಳೆ ಬಂದರೂ ನಡೆದೀತು, ಬಾಡಿಗೆ ಅಂಗಿ ಮದುವೆಯ ಮರುದಿನ ಬಂದರೆ ಒರೆಸುವ ಬಟ್ಟೆಗೆ ಸಮ.

ಬಳಸುವವರು ಎರಡು ವಿಷಯ ನೆನಪಿಡಿ. ಕಾರ್ಯಕ್ರಮದ ದಿನಕ್ಕಲ್ಲ, ಅದಕ್ಕೆ ಎರಡು ದಿನ ಮೊದಲಿನ ತಾರೀಖಿಗೆ ತರಿಸಿಕೊಳ್ಳಿ. ಕಲೆಯಾದರೆ ಮನೆಮದ್ದು ಮಾಡಬೇಡಿ. ಬಿಸಿನೀರು, ಇಸ್ತ್ರಿ ಸೋಕಿದರೆ ಕಲೆ ನೂಲಿನೊಳಗೆ ಕೂತುಬಿಡುತ್ತದೆ, ಆಮೇಲೆ ಡ್ರೈಕ್ಲೀನಿಂಗ್‌ಗೂ ಬಗ್ಗುವುದಿಲ್ಲ. ಏನು ಚೆಲ್ಲಿತು, ಎಲ್ಲಿ ಚೆಲ್ಲಿತು ಅಂತ ಚೀಟಿ ಬರೆದು ಉಡುಪಿನ ಜೊತೆ ಇಟ್ಟರೆ ಒಗೆಯುವವರ ಅರ್ಧ ಕೆಲಸ ಉಳಿಯಿತು.

ಪರಿಸರದ ಮಾತಿಗೆ ಬಂದರೆ ನಮಗೆ ಇದರ ಬಗ್ಗೆ ಅನುಮಾನವಿದೆ. 2021ರಲ್ಲಿ ಫಿನ್ಲೆಂಡ್‌ನ ಸಂಶೋಧಕರು ಜೀನ್ಸ್ ಪ್ಯಾಂಟೊಂದನ್ನು ಬಳಸಿ ಬಿಸಾಡುವ ಐದು ದಾರಿಗಳನ್ನು ಹೋಲಿಸಿದಾಗ, ಹವಾಮಾನಕ್ಕೆ ಹೆಚ್ಚು ಹೊರೆ ಎನಿಸಿದ್ದು ಬಾಡಿಗೆಯ ದಾರಿ. ಕಾರಣ ಬಟ್ಟೆಯಲ್ಲ, ಅದು ಹಿಂದಕ್ಕೂ ಮುಂದಕ್ಕೂ ಮಾಡುವ ಪ್ರಯಾಣ. ಒಮ್ಮೆ ಮಾತ್ರ ತೊಡುವ ಭರ್ಜರಿ ಗೌನಿಗೆ ಬಾಡಿಗೆ ಒಪ್ಪುತ್ತದೆ, ವಾರವಾರ ಹೊಸ ಅಂಗಿ ತರಿಸಿಕೊಂಡು ಅದಕ್ಕೆ ಹಸಿರು ಬಣ್ಣ ಬಳಿಯುವುದು ಬೇಡ.

ಓಲಿಯೊ ಮೂರರಲ್ಲೂ ಚಿಕ್ಕದು, ನಮ್ಮ ಅಂಕ ಹೆಚ್ಚು ಬೀಳುವುದೂ ಇದಕ್ಕೇ. ಟೆಸ್ಸಾ ಕ್ಲಾರ್ಕ್ ರೈತರ ಮಗಳು. ಸ್ವಿಟ್ಜರ್ಲೆಂಡ್‌ನಿಂದ ಮನೆ ಖಾಲಿ ಮಾಡುವಾಗ ಉಳಿದ ತಿನಿಸನ್ನು ಬಿಸಾಡಲು ಮನಸ್ಸು ಬರಲಿಲ್ಲ, ಕೊಡೋಣವೆಂದರೆ ತೆಗೆದುಕೊಳ್ಳುವವರು ಸಿಗಲಿಲ್ಲ. ಗೆಳತಿ ಸಾಷಾ ಸೆಲೆಸ್ಟಿಯಲ್-ಒನ್ ಜೊತೆ ಸೇರಿ 2015ರಲ್ಲಿ ಬ್ರಿಟನ್‌ನಲ್ಲಿ ಕಂಪನಿ ತೆರೆದರು. ಅದಕ್ಕೂ ಮುಂಚೆ 12 ಜನರ ಒಂದು ವಾಟ್ಸಾಪ್ ಗುಂಪು ಮಾಡಿ, ಎರಡು ವಾರ ಹಂಚಿಕೊಳ್ಳಲು ಬಿಟ್ಟು ನೋಡಿದರು. ಕೋಡ್ ಬರೆಸುವ ಖರ್ಚಿಗೆ ಮುಂಚೆ ಇಷ್ಟು ಅಗ್ಗದ ಪರೀಕ್ಷೆ ಮಾಡುವ ತಾಳ್ಮೆ ಎಷ್ಟು ಜನಕ್ಕಿದೆ? ಆ್ಯಪ್ ಬಂದ ಮೇಲೂ ಇಡೀ ದೇಶಕ್ಕೆ ಕೈಚಾಚದೆ ಉತ್ತರ ಲಂಡನ್‌ನ ಕೆಲವೇ ಪಿನ್‌ಕೋಡ್‌ಗಳಲ್ಲಿ ಶುರುಮಾಡಿದರು. ಹಂಚಿಕೆಗೆ ಬೇಕಾದದ್ದು ಒಂದು ಲಕ್ಷ ಜನ ಅಲ್ಲ, ನಡೆದು ಹೋಗುವಷ್ಟು ಹತ್ತಿರದ ನೂರು ಜನ. ಅರ್ಧ ಎಲೆಕೋಸಿಗೆ ಕಾರಿನಲ್ಲಿ ಐದು ಕಿಲೋಮೀಟರ್ ಹೋದರೆ ಉಳಿಸಿದ್ದೆಲ್ಲ ಹೊಗೆಯಾಗಿ ಹೋಗುತ್ತದೆ.

ನೆರೆಹೊರೆಯವರ ನಡುವೆ ತಿನಿಸು ಪುಕ್ಕಟೆಯೇ. ದುಡ್ಡು ಬರುವುದು ಅಂಗಡಿಗಳಿಂದ: ರಾತ್ರಿ ಉಳಿದ ಸರಕನ್ನು ತರಬೇತಿ ಪಡೆದ ಸ್ವಯಂಸೇವಕರು ಒಯ್ದು ಹಂಚುತ್ತಾರೆ, ಆ ಸೇವೆಗೆ ಅಂಗಡಿ ಶುಲ್ಕ ಕಟ್ಟುತ್ತದೆ. ಟೆಸ್ಕೊದಂಥ ದೊಡ್ಡ ಸರಣಿಯೂ 2020ರಲ್ಲಿ ಸೇರಿಕೊಂಡಿತು. ಕೊಡುವವರನ್ನೂ ಪಡೆಯುವವರನ್ನೂ ಬಿಟ್ಟು ಮೂರನೆಯವರ ಬಳಿ ಹಣ ಕೇಳಿದ್ದು ಜಾಣತನ. ಬಡವನ ತಟ್ಟೆಯಿಂದ ಕಮಿಷನ್ ಕತ್ತರಿಸಿದ್ದರೆ ಈ ಸೇವೆ ವರ್ಷ ತುಂಬುತ್ತಿರಲಿಲ್ಲ.

ಕೊಡುವ ತಿನಿಸನ್ನು ಆ್ಯಪಿನ ಪಟ್ಟಿಗೆ ಹಾಕುವುದು ಸುಲಭ: ಫೋಟೊ, ಎರಡು ಸಾಲು ವಿವರ, ಯಾವಾಗ ಬರಬಹುದು ಎಂಬ ಸಮಯ. ನಕ್ಷೆಯಲ್ಲಿ ನಿಮ್ಮ ಜಾಗ ಅಂದಾಜಿಗೆ ಮಾತ್ರ ಕಾಣುತ್ತದೆ. ಫೋಟೊದಲ್ಲಿ ಪ್ಯಾಕೆಟಿನ ತಾರೀಖು ಓದುವಂತಿರಲಿ. ಎಡವಟ್ಟಾಗುವುದೇ ಅಲ್ಲಿ. 'ಬೆಸ್ಟ್ ಬಿಫೋರ್' ರುಚಿಗೆ ಸಂಬಂಧಿಸಿದ್ದು, ಅದು ದಾಟಿದ ಬಿಸ್ಕತ್ತು, ಅಕ್ಕಿ ಕೊಡಬಹುದು. 'ಯೂಸ್ ಬೈ' ಸುರಕ್ಷತೆಯದು, ಮಾಂಸ, ಮೀನು, ಹಸಿ ಹಾಲಿನ ಪದಾರ್ಥದ ಮೇಲೆ ಇದು ದಾಟಿದ್ದರೆ ಮೂಸಿ ನೋಡಿ ಪರವಾಗಿಲ್ಲ ಅನ್ನಿಸಿದರೂ ಕೊಡಕೂಡದು. ರೋಗಾಣು ಇದ್ದರೂ ವಾಸನೆ ಬರಬೇಕೆಂದಿಲ್ಲ. ಬೇಗ ಕೆಡುವ ತಿನಿಸು ಫ್ರಿಜ್‌ನ ಹೊರಗೆ 2 ಗಂಟೆ ಮೀರಬಾರದು, ಬಿಸಿಲು 32 ಡಿಗ್ರಿ ದಾಟಿದ್ದರೆ 1 ಗಂಟೆ ಎನ್ನುವುದು ಅಮೆರಿಕದ ಆಹಾರ ಸುರಕ್ಷತಾ ಸಲಹೆ. ಹಾಗಾಗಿ ಬಾಗಿಲ ಹೊರಗೆ ಚೀಲ ಇಟ್ಟು ಹೋಗುವ ಪದ್ಧತಿ ಬ್ರೆಡ್ಡು, ಈರುಳ್ಳಿಗೆ ಸರಿ, ಮೊಸರಿಗೆ ಅಲ್ಲ.

ಇನ್ನು ದೊಡ್ಡ ತಲೆನೋವು: ಕೇಳಿ ಬಾರದೇ ಇರುವವರು. ಪುಕ್ಕಟೆ ವಸ್ತುವಿಗೆ ಮಾತಿನ ಬೆಲೆಯೂ ಪುಕ್ಕಟೆ. ಇದಕ್ಕೆ ಆ್ಯಪಿನಲ್ಲಿ ಪೂರ್ತಿ ಮದ್ದಿಲ್ಲ, ಕೊಡುವವರೇ ಮಾಡಿಕೊಳ್ಳಬೇಕು. ಮೊದಲು ಕೇಳಿದವರಿಗಲ್ಲ, ಬರುವ ಗಂಟೆಯನ್ನು ಮೊದಲು ಹೇಳಿದವರಿಗೆ ಕೊಡಿ. ಎರಡನೆಯವರಿಗೆ "ಏಳಕ್ಕೆ ತಿಳಿಸುತ್ತೇನೆ" ಅಂದಿರಿ. ಮನೆ ನಂಬರನ್ನು ಮೊದಲಿನವರು ಹೊರಟೆವು ಅಂದ ಮೇಲೆ ಕಳಿಸಿ. ಏಳು ಗಂಟೆ ಹತ್ತು ನಿಮಿಷವಾದರೂ ಅವರ ಸುಳಿವಿಲ್ಲದಿದ್ದರೆ ಎರಡನೆಯವರಿಗೆ ಮೆಸೇಜ್ ಹಾಕಿ, ಮೊಸರನ್ನು ಅಲ್ಲಿಯವರೆಗೂ ಫ್ರಿಜ್‌ನಿಂದ ತೆಗೆಯಬೇಡಿ.