ಒಂದೇ ಕುಲಾವಿ, ಮೂರು ನೂಲು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂದು ಆಡಿಕೊಳ್ಳುವ ಗಾದೆ ನಮ್ಮಲ್ಲಿದೆ. ಆದರೆ ಕಡ್ಡಿ ಹಿಡಿದು ಹೆಣೆಯುವವರಿಗೆ ಕೂಸು ಹುಟ್ಟುವ ತನಕ ಕಾಯುವ ಅವಕಾಶವಿಲ್ಲ. ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್ ಸುತ್ತಳತೆಯಿರುವ ತಲೆ ಆರು ತಿಂಗಳಿಗೆ 43ರ ಆಸುಪಾಸಿಗೆ ಬಂದಿರುತ್ತದೆ. ನಾಮಕರಣದ ದಿನ ಅಳತೆ ತೆಗೆದು ಬಿಡುವಿದ್ದಾಗ ಹೆಣೆದ ಕುಲಾವಿ ಮುಗಿಯುವ ಹೊತ್ತಿಗೆ ಮಗುವಿನ ಕಿವಿ ಮುಚ್ಚುವುದಿಲ್ಲ. ಕಳೆದ ಎರಡು ವರ್ಷಗಳಲ್ಲಿ ನಮ್ಮ ಕುಟುಂಬದಲ್ಲಿ ಮೂರು ಮಕ್ಕಳು ಹುಟ್ಟಿದವು: ಬಳ್ಳಾರಿಯಲ್ಲಿ ತಮ್ಮನ ಮಗಳಿಗೆ ಹೆಣ್ಣು, ಮಡಿಕೇರಿಯಲ್ಲಿ ತಂಗಿಯ ಮಗಳಿಗೆ ಗಂಡು, ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ನನ್ನ ಮಗಳಿಗೆ ಹೆಣ್ಣು. ಮೂರು ಊರುಗಳ ಹವೆಗೆ ಒಂದಕ್ಕೊಂದು ಸಂಬಂಧವಿಲ್ಲ. ಯಾವ ಮಗುವಿಗೆ ಯಾವ ನೂಲು ಎಂದು ಊಹಿಸುವ ಬದಲು ಮೂರು ಮನೆಗೂ ಮೂರೂ ನೂಲಿನ ಒಂದೊಂದು ಜೊತೆ ಕಳುಹಿಸಿ, ಬಳಸಿದವರಿಂದಲೇ ತಿಳಿದುಕೊಳ್ಳೋಣವೆಂದು ಮೈಸೂರಿನಲ್ಲಿ ಕುಳಿತು ಒಂಬತ್ತು ಜೊತೆ ಹೆಣೆದೆ.

ಒಂದು ಜೊತೆಯೆಂದರೆ ಮುಂದೆ ಗುಂಡಿಯಿರುವ ಒಂದು ಸ್ವೆಟರ್ ಮತ್ತು ಕಿವಿ ಮುಚ್ಚುವ ಒಂದು ಕುಲಾವಿ, ಎರಡೂ ಮೂರರಿಂದ ಆರು ತಿಂಗಳ ಅಳತೆಯವು. ನೂಲುಗಳ ದಪ್ಪ ಒಂದೇ. ಅಂಚಿನ ಪಟ್ಟಿಗೆ 10ನೇ ನಂಬರಿನ ಕಡ್ಡಿ, ಮೈಗೆ 8ನೇ ನಂಬರಿನದು, ಅಂದರೆ ಕ್ರಮವಾಗಿ 3.25 ಮತ್ತು 4 ಮಿಲಿಮೀಟರಿನವು. ಮೈಗೆ ಸೀದಾ ಒಂದು ಸಾಲು, ಉಲ್ಟಾ ಒಂದು ಸಾಲು; ವಿನ್ಯಾಸದ ಕಾರಣದಿಂದ ಫಲ ಬದಲಾಗಬಾರದೆಂದು ಬೇರೆ ಅಲಂಕಾರವನ್ನು ಬಿಟ್ಟೆ. ನೂಲುಗಳು ಅಕ್ರಿಲಿಕ್, ಹತ್ತಿ ಮತ್ತು ಮಷಿನ್ನಿನಲ್ಲಿ ಒಗೆಯಬಹುದಾದ ಮೆರಿನೊ ಉಣ್ಣೆ. ಹೆಣೆದು ಮುಗಿದ ಮೇಲೆ ತೂಗಿದಾಗ ಅಕ್ರಿಲಿಕ್ ಸ್ವೆಟರ್ 92 ಗ್ರಾಂ, ಮೆರಿನೊದ್ದು 104 ಗ್ರಾಂ, ಹತ್ತಿಯದು 131 ಗ್ರಾಂ ಬಂದವು. ಹತ್ತಿಯ ಎಳೆಯೇ ಮೂರರಲ್ಲಿ ಹೆಚ್ಚು ಸಾಂದ್ರವಾದದ್ದು, ಆದ್ದರಿಂದ ಅದೇ ಅಳತೆಯ ಬಟ್ಟೆಗೆ ಹತ್ತಿಯನ್ನು ತೂಕದಲ್ಲಿ ಹೆಚ್ಚು ಕೊಳ್ಳಬೇಕಾಗುತ್ತದೆ. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಅಕ್ರಿಲಿಕ್‌ಗೆ ಬರೆದ ಮಾದರಿಯಂತೆ ಹತ್ತಿ ತಂದವರು ಒಂದು ತೋಳು ಬಾಕಿಯಿರುವಾಗಲೇ ಮತ್ತೆ ಅಂಗಡಿಗೆ ಹೋಗಬೇಕಾಗುತ್ತದೆ, ಅಷ್ಟರಲ್ಲಿ ಅದೇ ಪಾಕದ, ಅಂದರೆ ಒಂದೇ ಸಲಕ್ಕೆ ಬಣ್ಣ ಹಾಕಿದ, ನೂಲು ಮುಗಿದಿರಲೂಬಹುದು.

ಮೊದಲು ಒಂದು ಗೊಂದಲವನ್ನು ಬಿಡಿಸಬೇಕು. ನಮ್ಮೂರಿನ ಅಂಗಡಿಗಳಲ್ಲಿ ಉಲ್ಲನ್ ಕೊಡಿ ಎಂದು ಕೇಳಿದರೆ ಕೈಗೆ ಬರುವುದು ಬಹುಮಟ್ಟಿಗೆ ಲೂಧಿಯಾನದ ಗಿರಣಿಗಳ ಅಕ್ರಿಲಿಕ್. ಬೇಬಿ ವುಲ್ ಎಂದು ಹೆಸರಿರುವ ಉಂಡೆಯ ಚೀಟಿಯಲ್ಲಿಯೂ ನೂರಕ್ಕೆ ನೂರು ಅಕ್ರಿಲಿಕ್ ಎಂದು ಸಣ್ಣ ಅಕ್ಷರದಲ್ಲಿ ಇರುವುದುಂಟು. ಅದು ಮೋಸವೆಂದು ನಾನು ಹೇಳುತ್ತಿಲ್ಲ, ಉಲ್ಲನ್ ಎಂಬ ಮಾತಿಗೆ ನಮ್ಮಲ್ಲಿ ಹೆಣಿಗೆಯ ನೂಲು ಎಂಬ ಅರ್ಥವೇ ನಿಂತುಬಿಟ್ಟಿದೆ. ಚೀಟಿ ಕಳೆದುಹೋದ ಉಂಡೆಯಿದ್ದರೆ ಬೆರಳುದ್ದದ ತುಂಡನ್ನು ಇಕ್ಕಳದಲ್ಲಿ ಹಿಡಿದು, ಕೆಳಗೆ ನೀರಿನ ತಟ್ಟೆಯಿಟ್ಟು ಸುಟ್ಟು ನೋಡಬೇಕು. ಉಣ್ಣೆ ಕೂದಲು ಸುಟ್ಟ ವಾಸನೆ ಬಿಟ್ಟು, ಬೆಂಕಿ ತೆಗೆದೊಡನೆ ಆರಿ, ಹಿಸುಕಿದರೆ ಪುಡಿಯಾಗುವ ಕರಿಯಾಗುತ್ತದೆ; ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ; ಅಕ್ರಿಲಿಕ್ ಕರಗಿ, ತಣಿದ ಮೇಲೆ ಗಟ್ಟಿಯಾದ ಕಪ್ಪು ಮಣಿಯಾಗುತ್ತದೆ. ಈ ಮೂರನೆಯ ಗುಣವನ್ನು ಬಾಣಂತಿಯ ಕೋಣೆಯ ವಿಚಾರದಲ್ಲಿ ಮರೆಯಬಾರದು.

ಏಕೆಂದರೆ ನಮ್ಮ ಕಡೆಯ ಎಳೆಯ ಮಗುವಿನ ಬಟ್ಟೆ ಎಣ್ಣೆ, ಬಿಸಿನೀರು, ಸಾಂಬ್ರಾಣಿ ಹೊಗೆ ಮತ್ತು ಕೆಂಡದ ನಡುವೆ ಬದುಕುತ್ತದೆ. ಹೊರದೇಶದ ಮಾದರಿಗಳಲ್ಲಿ ಮಗುವಿಗೆ ಯಾವ ನೂಲು ಎಂದು ಬರೆಯುವವರ ಮನಸ್ಸಿನಲ್ಲಿ ಇವಾವುವೂ ಇರುವುದಿಲ್ಲ. ಮಡಿಕೇರಿಯಲ್ಲಿ ಮಳೆಗಾಲ ಹಿಡಿದಾಗ ಕೆಂಡದ ಮೇಲೆ ಬುಟ್ಟಿ ಕವುಚಿ ಅದರ ಮೇಲೆ ಮಗುವಿನ ಬಟ್ಟೆ ಹರಡಿ ಒಣಗಿಸುವುದನ್ನು ತಂಗಿಯ ಬೀಗರ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಅಲ್ಲಿ ಅಕ್ರಿಲಿಕ್ ಸ್ವೆಟರಿನ ತೋಳಿನ ತುದಿ ಬುಟ್ಟಿಯ ಸಂದಿಯಿಂದ ಕೆಳಗೆ ಇಳಿದು, ಕೆಂಡಕ್ಕೆ ತಾಗದೆಯೇ ಬರಿಯ ಕಾವಿಗೆ ಮೆತ್ತಗಾಗಿ, ಪ್ಲಾಸ್ಟಿಕ್ಕಿನ ಹಾಳೆಯಂತೆ ಸೆಟೆದುಕೊಂಡಿತು. ಮೈಮೇಲೆ ಇದ್ದಾಗ ಹೀಗಾಗಿದ್ದರೆ ಅದು ಚರ್ಮಕ್ಕೆ ಅಂಟಿಕೊಳ್ಳುತ್ತಿತ್ತು. ಅಂದಿನಿಂದ ಅಕ್ರಿಲಿಕ್ ಬಟ್ಟೆ ಕೊಡುವಾಗ, ಇದನ್ನು ತೊಡಿಸಿ ಹೊಗೆ ಹಾಕಬೇಡಿ, ಕೆಂಡದ ಮೇಲೆ ಒಣಗಿಸಬೇಡಿ, ಇಸ್ತ್ರಿ ಮುಟ್ಟಿಸಬೇಡಿ ಎಂದು ಚೀಟಿ ಬರೆದು ಗುಂಡಿಗೆ ಕಟ್ಟಿಯೇ ಕೊಡುತ್ತೇನೆ.

ಹಾಗಿದ್ದೂ ಅಕ್ರಿಲಿಕ್ಕಿನ ಹಿರಿಮೆಯನ್ನು ಒಪ್ಪದಿದ್ದರೆ ಅನ್ಯಾಯವಾಗುತ್ತದೆ. ಒಂದು ಮೆರಿನೊ ಸ್ವೆಟರಿನ ನೂಲಿನ ಬೆಲೆಗೆ ಅಕ್ರಿಲಿಕ್ಕಿನ ನಾಲ್ಕು ಸ್ವೆಟರ್ ಹೆಣೆದೆ. ಬಣ್ಣ ಬಿಡಲಿಲ್ಲ, ಕುಗ್ಗಲಿಲ್ಲ, ನುಸಿ ಹಿಡಿಯಲಿಲ್ಲ, ಮಡಿಕೇರಿಯ ಜುಲೈ ತಿಂಗಳಿನಲ್ಲಿಯೂ ಹಿಂಡಿ ಫ್ಯಾನಿನ ಕೆಳಗೆ ಹಾಕಿದರೆ ಬೆಳಗಿಗೆ ಒಣಗಿತ್ತು. ಅದರ ದೋಷ ತೊಟ್ಟಾಗ ಗೊತ್ತಾಗುತ್ತದೆ. ಬೆವರನ್ನು ಹೀರದ ಎಳೆಯಾದ್ದರಿಂದ ಬಳ್ಳಾರಿಯ ಮಗುವಿನ ಕತ್ತಿನ ಹಿಂದೆ ಒಂದೇ ಮಧ್ಯಾಹ್ನದಲ್ಲಿ ಬೆವರುಸಾಲೆ ಎದ್ದಿತು, ಅದೂ ಡಿಸೆಂಬರಿನಲ್ಲಿ. ತಲೆಗೆ ತಿಕ್ಕಿದ ಎಣ್ಣೆಯ ವಾಸನೆ ಕುಲಾವಿಯಲ್ಲಿ ಉಳಿದುಬಿಟ್ಟಿತು. ಎಣ್ಣೆ ಬಿಡಿಸಲು ಕುದಿನೀರು ಬೇಕು, ಕುದಿನೀರು ಹಾಕಿದರೆ ನೂಲು ಜೋತುಬೀಳುತ್ತದೆ. ಹೆಣೆಯುವಾಗ ಕೈಗೆ ಹಿತವಾಗಿದ್ದ ಅದೇ ಬಟ್ಟೆಯ ಮೇಲೆ ಹತ್ತನೆಯ ಒಗೆತದ ಹೊತ್ತಿಗೆ ತೋಳಿನ ಕೆಳಗೆಲ್ಲ ಸಣ್ಣ ಗಂಟುಗಳು ಎದ್ದಿದ್ದವು.

ಹತ್ತಿಯ ಬಗ್ಗೆ ಬಳ್ಳಾರಿಯ ಹುಡುಗಿ ಮೂರನೆಯ ವಾರದಲ್ಲಿಯೇ ಫೋನ್ ಮಾಡಿ, “ಅತ್ತೆ, ಮಿಕ್ಕ ಎರಡನ್ನೂ ಟ್ರಂಕಿಗೆ ಹಾಕಿದೀನಿ, ಇಂಥದ್ದೇ ಇನ್ನೊಂದು ಹೆಣೆದುಕೊಡಿ” ಎಂದಳು. ಹತ್ತಿ ಒದ್ದೆಯಾದಾಗ ಇನ್ನಷ್ಟು ಗಟ್ಟಿಯಾಗುವ ಎಳೆ. ಬಿಸಿನೀರು, ಸೋಪು, ಬಿಸಿಲು ಯಾವುದಕ್ಕೂ ಅಂಜದೆ, ಎಣ್ಣೆಯನ್ನು ಬಿಟ್ಟುಕೊಟ್ಟು, ಪ್ರತಿ ಒಗೆತಕ್ಕೂ ಸ್ವಲ್ಪ ಸ್ವಲ್ಪ ಮೃದುವಾಯಿತು. ತೊಂದರೆಯಿರುವುದು ಅದರ ಆಕಾರದಲ್ಲಿ. ಉಣ್ಣೆಯ ಎಳೆ ಸುರುಳಿ ಸುರುಳಿಯಾಗಿರುವುದರಿಂದ ಎಳೆದು ಬಿಟ್ಟರೆ ಹಿಂದಕ್ಕೆ ಬರುತ್ತದೆ, ಹತ್ತಿಗೆ ಆ ಪುಟಿತವಿಲ್ಲ. ಕುಲಾವಿಯ ಅಂಚಿನ ಪಟ್ಟಿ ಎರಡು ತಿಂಗಳಲ್ಲಿ ಸಡಿಲಾಗಿ ಮಗುವಿನ ಕಣ್ಣಿನ ಮೇಲೆ ಜಾರಿತು. ಸ್ವೆಟರ್ ತನ್ನದೇ ಭಾರಕ್ಕೆ ಮೂರು ಸೆಂಟಿಮೀಟರ್ ಉದ್ದವಾಯಿತು. ಇದಕ್ಕೆ ನಾನು ಕಂಡುಕೊಂಡ ಪರಿಹಾರವೆಂದರೆ ಹತ್ತಿಯಲ್ಲಿ ಅಂಚಿನ ಪಟ್ಟಿಗೆ 12ನೇ ನಂಬರಿನ ಕಡ್ಡಿ ಹಿಡಿದು, ಹತ್ತು ಕುಣಿಕೆಗೆ ಒಂದರಂತೆ ಕಡಿಮೆ ಮಾಡುವುದು, ಮೈಯನ್ನು ಹೇಳಿದ್ದಕ್ಕಿಂತ ಎರಡು ಸೆಂಟಿಮೀಟರ್ ಗಿಡ್ಡವಾಗಿ ನಿಲ್ಲಿಸುವುದು, ಒಗೆದ ಮೇಲೆ ತಂತಿಗೆ ನೇತುಹಾಕದೆ ಟವೆಲಿನ ಮೇಲೆ ಹಾಸಿ ಒಣಗಿಸುವುದು. ಎರಡನೆಯ ಸಲ ಹೀಗೆ ಹೆಣೆದು ಕಳುಹಿಸಿದ ಕುಲಾವಿ ಏಳನೆಯ ತಿಂಗಳಿನವರೆಗೂ ಹುಬ್ಬಿನ ಮೇಲೆಯೇ ನಿಂತಿತು. ಆದರೆ ಇದೇ ಹತ್ತಿ ಮಡಿಕೇರಿಯ ಮಳೆಯಲ್ಲಿ ಮೂರು ದಿನಕ್ಕೂ ಒಣಗದೆ ಮುಗ್ಗಲು ವಾಸನೆ ಬಂತು. ಒಳಗೆ ಒದ್ದೆಯ ಪಸೆಯಿರುವ ಹತ್ತಿ ಬಟ್ಟೆ ಮಗುವಿನ ಮೈಯ ಬಿಸಿಯನ್ನೇ ಹೀರುತ್ತದೆ, ಆದ್ದರಿಂದ ಅಲ್ಲಿ ಅದನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೊಡಿಸಬೇಡವೆಂದು ನಾನೇ ಹೇಳಿದೆ.

ಮೆರಿನೊದ ಬಗ್ಗೆ ನನಗೆ ಮೊದಲಿನಿಂದಲೂ ಒಂದು ಅಳುಕಿತ್ತು, ಉಣ್ಣೆಯೆಂದರೆ ಚುಚ್ಚುವುದೆಂಬ ನೆನಪು ಕಂಬಳಿಯಿಂದ ಬಂದದ್ದು. ನಮ್ಮ ದಖ್ಖನಿ ಕುರಿಯ ಉಣ್ಣೆಯಿಂದ ಚಳ್ಳಕೆರೆಯ ಕಡೆ ಕುರುಬರು ನೇಯುವ ಕರಿ ಕಂಬಳಿ ಮಳೆ, ಚಳಿ, ನೆಲ ಎಲ್ಲದಕ್ಕೂ ತಡೆಯುವಂಥದ್ದು, ನಾನು ಮಲಗುವುದೂ ಅದರ ಮೇಲೆಯೇ. ಆದರೆ ಅದರ ಎಳೆ ದಪ್ಪ. ಸುಮಾರು 30 ಮೈಕ್ರಾನಿಗಿಂತ ದಪ್ಪನೆಯ ಎಳೆಯ ತುದಿ ಚರ್ಮಕ್ಕೆ ಒತ್ತಿದಾಗ ಬಾಗದೆ ಚುಚ್ಚುತ್ತದೆ, ಮೆರಿನೊದ ಎಳೆ ಸಾಮಾನ್ಯವಾಗಿ 24ಕ್ಕಿಂತ ಕಡಿಮೆಯಿರುವುದರಿಂದ ಬಾಗಿಕೊಳ್ಳುತ್ತದೆ. ಉಂಡೆಯನ್ನು ಅಂಗೈಯಿಂದ ಮುಟ್ಟಿ ನೋಡಿದರೆ ಈ ವ್ಯತ್ಯಾಸ ತಿಳಿಯುವುದಿಲ್ಲ. ಕತ್ತಿನ ಪಕ್ಕದಲ್ಲಿ ಹತ್ತು ನಿಮಿಷ ಸಿಕ್ಕಿಸಿಕೊಂಡು ಓಡಾಡಿದರೆ ತಿಳಿಯುತ್ತದೆ, ನಾನು ಕೊಳ್ಳುವ ಮುಂಚೆ ಹಾಗೆಯೇ ಮಾಡಿದೆ.

ಇಲ್ಲಿ ಒಂದು ನಷ್ಟವನ್ನು ಹೇಳಲೇಬೇಕು. ಮಷಿನ್ನಿಗೆ ಹಾಕಬಹುದಾದ ಮೆರಿನೊ ಎಂದರೆ ಎಳೆಯ ಮೇಲಿನ ಹುರುಪೆಗಳನ್ನು ರಾಸಾಯನಿಕವಾಗಿ ನಯಗೊಳಿಸಿದ್ದು. ಹಾಗೆ ಮಾಡದ ಮೆರಿನೊದಲ್ಲಿ ಮೊದಲು ಒಂದು ಕುಲಾವಿ ಹೆಣೆದು ಮಡಿಕೇರಿಗೆ ಕೊಟ್ಟಿದ್ದೆ. ಅಲ್ಲಿ ಅದನ್ನು ಲಂಗೋಟಿಗಳ ಜೊತೆ ಬಿಸಿ ಸೋಪಿನ ನೀರಿಗೆ ಹಾಕಿ ಉಜ್ಜಿದರು. ಬಿಸಿ, ಸೋಪು, ತಿಕ್ಕಾಟ ಮೂರೂ ಸೇರಿದಾಗ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು, ಹನ್ನೊಂದು ಸಂಜೆಗಳ ಕೆಲಸ ಅಂಗೈಯಗಲದ ಗಟ್ಟಿ ಚಿಪ್ಪಾಗಿ ಹಿಂತಿರುಗಿತು. ಒಗೆದವರ ತಪ್ಪು ಅದರಲ್ಲಿ ಏನೂ ಇಲ್ಲ. ಎಳೆಯ ಮಗುವಿರುವ ಮನೆಯಲ್ಲಿ ಒಂದು ಬಟ್ಟೆಗೆ ಬೇರೆ ಬಕೆಟ್ ಇಡಬೇಕೆಂದು ನಿರೀಕ್ಷಿಸಿದ್ದು ಸರಿಯಲ್ಲ. ಆಮೇಲೆ ಹೆಣೆದವೆಲ್ಲ ಮಷಿನ್ ತಡೆಯುವ ನೂಲಿನವು. ಅವುಗಳನ್ನೂ ಮೈಸೂರಿನಲ್ಲಿ ನಾನು ಅಂಟುವಾಳಕಾಯಿಯ ಉಗುರುಬೆಚ್ಚನೆಯ ನೀರಿನಲ್ಲಿ ನೆನೆಸಿ ನೋಡಿದೆ. ರೇಷ್ಮೆ ಸೀರೆಗೆ ಒಗ್ಗುವ ಆ ನೊರೆ ಉಣ್ಣೆಗೂ ಒಗ್ಗಿತು, ಎಣ್ಣೆಯ ಕಲೆ ಎರಡು ಸಲಕ್ಕೆ ಹೋಯಿತು. ಈ ಬಗೆಯ ಮೆರಿನೊ ಒದ್ದೆಯಾದಾಗ ಗಾಬರಿಯಾಗುವಷ್ಟು ಹಿಗ್ಗುತ್ತದೆ, ಆದರೆ ಚಪ್ಪಟೆಯಾಗಿ ಹಾಸಿ ಅಳತೆಗೆ ತಟ್ಟಿ ಒಣಗಿಸಿದರೆ ಬಹುಪಾಲು ಹಿಂದಕ್ಕೆ ಬರುತ್ತದೆ.

ಮಿನಿಯಾಪೊಲಿಸ್‌ನಲ್ಲಿ ಜನವರಿಯ ರಾತ್ರಿ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ, ಮನೆಯೊಳಗೆ ಮಾತ್ರ ಹೀಟರಿನ ಒಣ ಕಾವು. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ಆವಿಯನ್ನು ಒದ್ದೆಯೆನಿಸದೆಯೇ ಹೀರಿಟ್ಟುಕೊಳ್ಳಬಲ್ಲದು, ಹಾಗಾಗಿ ಹೊರಗಿನಿಂದ ಒಳಕ್ಕೆ ಬಂದ ಐದು ನಿಮಿಷದಲ್ಲಿ ಮಗು ಬೆವರಿ ಅಳುವುದು ಮೆರಿನೊದಲ್ಲಿ ಇರಲಿಲ್ಲ ಎಂದು ಮಗಳು ಬರೆದಳು. ಅಕ್ರಿಲಿಕ್ ಅಲ್ಲಿ ಪ್ರತಿ ಸಲ ಬಿಚ್ಚುವಾಗಲೂ ಚಟಪಟ ಕಿಡಿಯಾಡಿ ಮಗುವಿನ ಕೂದಲನ್ನು ನಿಲ್ಲಿಸುತ್ತಿತ್ತು. ಕಾರಿನ ಮಗು ಸೀಟಿನ ಪಟ್ಟಿಯ ಕೆಳಗೆ ದಪ್ಪ ಜಾಕೆಟ್ ಹಾಕಬಾರದೆಂಬ ನಿಯಮ ಅಲ್ಲಿಯವರಿಗೆ ಮುಖ್ಯ, ತೆಳ್ಳನೆಯ ಉಣ್ಣೆ ಸ್ವೆಟರ್ ಅದಕ್ಕೂ ಹೊಂದಿತು. ಅಲ್ಲಿ ಮೆರಿನೊ ಗೆದ್ದಿತು, ಎರಡನೆಯ ಸ್ಥಾನಕ್ಕೆ ಬಂದ ನೂಲು ಬಹಳ ಹಿಂದೆ ಉಳಿಯಿತು.

ಮಡಿಕೇರಿಯ ತೀರ್ಪು ಅಷ್ಟು ಸರಳವಾಗಿರಲಿಲ್ಲ. ಮೆರಿನೊ ಒಣಗಲು ಒಂದೂವರೆ ದಿನ ಹಿಡಿಯಿತು. ಮೂರರಲ್ಲಿ ಬೇಗ ಒಣಗಿದ್ದು ಅಕ್ರಿಲಿಕ್, ಆದರೆ ಒಲೆ ಮತ್ತು ಕೆಂಡದ ಹತ್ತಿರ ಅದನ್ನು ನಂಬುವಂತಿಲ್ಲ. “ದೊಡ್ಡಮ್ಮ, ಕುಲಾವಿ ಮಾತ್ರ ಮೆರಿನೊ ಇರಲಿ, ಸ್ವೆಟರ್ ಯಾವುದಾದರೂ ನಡೆಯುತ್ತೆ, ಅದನ್ನ ದಿನಕ್ಕೆ ಎರಡು ಸಲ ಬದಲಾಯಿಸಬೇಕು” ಎಂದು ತಂಗಿಯ ಮಗಳು ಹೇಳಿದ್ದು ನನಗೆ ಸರಿಯಾಗಿ ಕಂಡಿತು. ಹೆಚ್ಚು ಬದಲಾಗುವ ಬಟ್ಟೆ ಅಗ್ಗದ್ದೂ ಬೇಗ ಒಣಗುವಂಥದ್ದೂ ಆಗಿರಲಿ, ಕಿವಿ ಮುಚ್ಚುವ ಒಂದು ವಸ್ತು ಮಾತ್ರ ಒಳ್ಳೆಯ ಉಣ್ಣೆಯದಾಗಿರಲಿ.

ಮೆರಿನೊ ಕೊಟ್ಟ ಮನೆಗಳಿಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಉಣ್ಣೆಗೆ ನುಸಿ ಹಿಡಿಯುವುದೆಂದು ಟ್ರಂಕಿನಲ್ಲಿ ನುಸಿಗುಳಿಗೆ ಹಾಕುವ ಅಭ್ಯಾಸ ನಮ್ಮಲ್ಲಿ ಹಳೆಯದು. ನ್ಯಾಫ್ತಲೀನ್ ಗುಳಿಗೆಯ ಜೊತೆಯಿಟ್ಟ ಬಟ್ಟೆಯನ್ನು ತೊಡಿಸಿದರೆ, ಜಿ6ಪಿಡಿ ಎಂಬ ಕಿಣ್ವದ ಕೊರತೆಯಿರುವ ಮಗುವಿನ ಕೆಂಪು ರಕ್ತಕಣಗಳು ಒಡೆದು ಪ್ರಾಣಕ್ಕೆ ಅಪಾಯವಾಗಬಹುದು, ಆ ಕೊರತೆ ಇದೆಯೋ ಇಲ್ಲವೋ ಎಂಬುದು ಎಷ್ಟೋ ಮನೆಗಳಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಒಗೆದು, ಚೆನ್ನಾಗಿ ಒಣಗಿಸಿ, ಗಾಳಿಯಾಡದ ಚೀಲದಲ್ಲಿ ಕಟ್ಟಿಟ್ಟರೆ ಸಾಕು.

ಈ ಜೊತೆಗಳಲ್ಲದೆ ಹೆಣೆದ ಹೊದಿಕೆಯಲ್ಲಿ ಹೋಲಿಕೆಗೆ ಹೆಚ್ಚು ಅವಕಾಶವಿರಲಿಲ್ಲ. ಹತ್ತಿಯ ಹೊದಿಕೆ ಅರ್ಧ ಕಿಲೋ ದಾಟಿ ತೊಟ್ಟಿಲಿಗೆ ಭಾರವಾಯಿತು. ಹಳೆಯ ಸೀರೆಗಳ ಕೌದಿ ಅದಕ್ಕಿಂತ ಹಗುರವಾಗಿ, ಮೃದುವಾಗಿ ಬಳ್ಳಾರಿಯಲ್ಲಿ ಈಗಾಗಲೇ ಇತ್ತು, ಅದರ ಮುಂದೆ ನನ್ನ ಹೆಣಿಗೆ ನಿಲ್ಲಲಿಲ್ಲ. ಒಂದು ವರ್ಷದೊಳಗಿನ ಮಗು ಮಲಗುವ ಕಡೆ ಸಡಿಲವಾದ ಹೊದಿಕೆ ಇರಬಾರದು, ಮನೆಯೊಳಗೆ ಮಲಗಿದಾಗ ಟೋಪಿಯೂ ಬೇಡ ಎಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಸಲಹೆ ನೀಡುವುದರಿಂದ ಮಿನಿಯಾಪೊಲಿಸ್‌ನ ಹೊದಿಕೆ ಎಚ್ಚರವಿರುವಾಗ ನೆಲದ ಮೇಲೆ ಹಾಸಲು ಮಾತ್ರ ಬಳಕೆಯಾಯಿತು. ಮಗುವಿನ ಕೈಗವಸುಗಳನ್ನು ನಾನು ಯಾವ ನೂಲಿನಲ್ಲಿಯೂ ಹೆಣೆಯುವುದನ್ನು ಬಿಟ್ಟಿದ್ದೇನೆ, ಒಳಗಿನ ಒಂದು ಸಡಿಲ ಎಳೆ ಮಗುವಿನ ಬೆರಳಿಗೆ ಸುತ್ತಿ ಬಿಗಿದರೆ ಹೊರಗಿನಿಂದ ಕಾಣುವುದೇ ಇಲ್ಲ. ಅದೇ ಭಯದಿಂದ ಜಾಳಿಗೆಯ ವಿನ್ಯಾಸವನ್ನೂ, ಕತ್ತಿನ ಸುತ್ತ ಕಟ್ಟುವ ರಿಬ್ಬನ್ನನ್ನೂ ಕೈಬಿಟ್ಟು, ಗುಂಡಿಗಳನ್ನು ಹೊಲಿಗೆಯ ಗಟ್ಟಿ ದಾರದಲ್ಲಿ ಎರಡು ಸಲ ಹೊಲಿದು, ಎಳೆದು ನೋಡಿಯೇ ಕಳುಹಿಸುತ್ತೇನೆ.

ಮುಂದಿನ ಕಾರ್ತಿಕದಲ್ಲಿ ಧಾರವಾಡದಲ್ಲಿ ಇನ್ನೊಂದು ಕೂಸು ಬರಲಿದೆ. ಉಂಡೆ ಕೊಳ್ಳುವ ಮುಂಚೆ ಅಲ್ಲಿಗೆ ಫೋನ್ ಮಾಡಿ, ಬಟ್ಟೆ ಒಗೆಯುವವರು ಯಾರು, ಒಣಗಿಸುವುದು ಎಲ್ಲಿ, ಮಗುವಿಗೆ ಹೊಗೆ ಹಾಕುವಿರಾ ಎಂದು ಕೇಳಿದೆ. ಬಾಣಂತನಕ್ಕೆ ಬರುವ ಅಜ್ಜಿಯೇ ಒಗೆಯುವುದು, ಬಿಸಿನೀರಿನಲ್ಲಿ. ಒಣಗಿಸುವುದು ತಾರಸಿಯ ಬಿಸಿಲಿನಲ್ಲಿ. ಲೋಬಾನದ ಹೊಗೆ ದಿನವೂ ಇರುತ್ತದೆ ಎಂದು ತಿಳಿಯಿತು. ಹತ್ತಿಯ ನಾಲ್ಕು ಉಂಡೆ ತಂದು, 12ನೇ ನಂಬರಿನ ಕಡ್ಡಿಯಲ್ಲಿ ಕುಲಾವಿಯ ಅಂಚಿಗೆ ಎಪ್ಪತ್ತೆರಡು ಕುಣಿಕೆ ಏರಿಸಿದ್ದೇನೆ.