ಕೊಡಾಕ್ ವಿಷನ್3 500ಟಿ: ಬಲ್ಬಿನ ಬೆಳಕಿಗೆ ಹೇಳಿ ಮಾಡಿಸಿದ ಫಿಲ್ಮು

ಯಕ್ಷಗಾನದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವ ಕಲಾವಿದರನ್ನು ಚಿತ್ರೀಕರಿಸಲು ಈ ಫಿಲ್ಮಿನ 16 ಎಂಎಂ ರೀಲನ್ನು ಬಳಸಿದೆ. 2007ರಲ್ಲಿ ಬಂದ ಇದನ್ನು 3200 ಕೆಲ್ವಿನ್‌ನ ಟಂಗ್‌ಸ್ಟನ್ ಬಲ್ಬಿನ ಹಳದಿ ಬೆಳಕಿಗೆಂದೇ ರೂಪಿಸಿದ್ದಾರೆ. ಹಳದಿ ಬಲ್ಬಿನಡಿ ಬಣ್ಣದ ವೇಷದ ಕೆಂಪು, ಕಾಡಿಗೆಯ ಕಪ್ಪು, ಮುಖದ ಮೇಲಿಡುವ ಅಕ್ಕಿಹಿಟ್ಟಿನ ಚಿಟ್ಟಿಯ ಬಿಳುಪು ಒಂದನ್ನೊಂದು ನುಂಗದೆ ಉಳಿದವು. ಬರಿಯ ಬಲ್ಬು ಚೌಕಟ್ಟಿನೊಳಗೇ ಇದ್ದರೂ ಅದರ ಸುತ್ತಲಿನ ಹೊಳಪು ಒಮ್ಮೆಲೇ ಸುಟ್ಟ ಬಿಳಿಯಾಗದೆ ಮೆಲ್ಲನೆ ಕರಗುತ್ತದೆ. ನನ್ನ ಡಿಜಿಟಲ್ ಕ್ಯಾಮೆರಾದಲ್ಲಿ ಇದು ಎಂದೂ ಸಿಕ್ಕಿರಲಿಲ್ಲ. ನೆರಳಿನಲ್ಲಿ ಕಣಗಳು ಎದ್ದು ಕಾಣುತ್ತವೆ. ನನಗಂತೂ ಅವು ಇಷ್ಟ. ಬೇಡವೆನ್ನುವವರು ಒಂದು ಸ್ಟಾಪ್ ಹೆಚ್ಚು, ಅಂದರೆ ಎರಡು ಪಟ್ಟು, ಬೆಳಕು ಕೊಟ್ಟರೆ ತಗ್ಗುತ್ತವೆ.

ಸೆಕೆಂಡಿಗೆ 24 ಫ್ರೇಮಿನಂತೆ 100 ಅಡಿಯ ರೀಲು ಮೂರು ನಿಮಿಷವೂ ಓಡದು. ಹಾಗಾಗಿ ಕ್ಯಾಮೆರಾ ನಿಲ್ಲಿಸಿಕೊಂಡು, ಕಿರೀಟ ಕಟ್ಟುವ ಘಳಿಗೆಗಾಗಿ ಕಾದೆ. ಹಗ್ಗ ಬಿಗಿಯುವಾಗ ಕಲಾವಿದರ ಹುಬ್ಬು ಮೇಲೇರುವುದನ್ನು ಗಮನಿಸಿದ್ದು ಆಗಲೇ. ಸಿಕ್ಕಿದ್ದನ್ನೆಲ್ಲ ತುಂಬಿಕೊಳ್ಳುವ ಮೆಮೊರಿ ಕಾರ್ಡು ನನಗೆ ಈ ಏಕಾಗ್ರತೆಯನ್ನು ಕೊಟ್ಟಿರಲಿಲ್ಲ.

ಫಿಲ್ಮು ದುಬಾರಿ, ಸಂಸ್ಕರಣೆ, ಸ್ಕ್ಯಾನಿಂಗ್ ವೆಚ್ಚ ಬೇರೆ. ಹಗಲಿನಲ್ಲಿ ಕಿತ್ತಳೆ ಬಣ್ಣದ 85 ಫಿಲ್ಟರ್ ಹಾಕಬೇಕು, ಆಗ ಫಿಲ್ಮಿನ ವೇಗ, ಅಂದರೆ ಬೆಳಕಿಗೆ ಸ್ಪಂದಿಸುವ ಶಕ್ತಿ, 500ರಿಂದ 320ಕ್ಕೆ ಇಳಿಯುತ್ತದೆ. ಬಿಸಿಲಿನ ಚಿತ್ರೀಕರಣಕ್ಕಾದರೆ ಇದೇ ಬಳಗದ 50ಡಿ ಕೊಳ್ಳಿ.